ಎಳೆಯ ಕಾಡಿಗೆ ಅನ್ನ ಇಡಬೇಡಿ

"ಎಂಜಲೆಲೆ ಎತ್ತೋ ಹುಡುಗ, ನಮ್ಮ ಪಿತೃಗಳಿಗೆ ಎಲ್ಲಿ ಅನ್ನ ಇಡಬೇಕು ಅಂತ ನಮಗೇ ಹೇಳಿಕೊಡೋಕೆ ಬಂದಿದಾನೆ. ಕೇಳ್ಕೊಳ್ಳಿ ಎಲ್ರೂ!"

ಸುಜಯೀಂದ್ರ ರಾಯರು ಹೀಗೆ ಅಂದಾಗ ಅಪಾರ್ಟ್‌ಮೆಂಟಿನ ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ, ಸಭೆ ನಡೆಯುತ್ತಿತ್ತು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಮೂವತ್ತೈದು ಜನ ಕೂತಿದ್ದರು. ಎಲ್ಲರೂ ನಕ್ಕರು. ನಗದೆ ಇದ್ದವಳು ಅದೇ ಅಪಾರ್ಟ್‌ಮೆಂಟಿನ ರಂಜನಿ ಅಕ್ಕ ಒಬ್ಬಳೇ.

ರಾಯರು ಅಸೋಸಿಯೇಷನ್ ಸೆಕ್ರೆಟರಿ. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ನಾನು ಶ್ರೀಶ. ಒಂಬತ್ತನೇ ತರಗತಿ ಅರ್ಧಕ್ಕೆ ಬಿಟ್ಟು, ಪುತ್ತೂರಿನ ಕಡೆಯಿಂದ ಮಾವ ಕಾಂತಪ್ಪನ ಜೊತೆ ಮದ್ರಾಸಿನ ಮಾಧವರಂಗೆ ಬಂದವನು. ಇದೇ ಅಪಾರ್ಟ್‌ಮೆಂಟಿನ ಒಂದು ರೂಮಿನಲ್ಲಿ ನಾವಿಬ್ಬರೂ ಬಾಡಿಗೆಗೆ ಇದ್ದೇವೆ. ಮಾವ ಎರಡು ಬೀದಿ ಆಚೆಯ ಹೋಟೆಲಿನಲ್ಲಿ ಅಡುಗೆ ಭಟ್ಟ. ನಾನು ಎಲೆ ಎತ್ತುತ್ತೇನೆ, ಟೇಬಲ್ ಒರೆಸುತ್ತೇನೆ. ಅದು ಬೈಗುಳ ಹೇಗಾಗುತ್ತದೋ ನನಗೆ ಇವತ್ತಿಗೂ ಗೊತ್ತಿಲ್ಲ. ಉಂಡವರು ಎದ್ದು ಹೋದ ಮೇಲೆ ಯಾರಾದರೂ ಎತ್ತಲೇಬೇಕಲ್ಲ.

ನಾನು ಕೇಳಿದ್ದು ಒಂದೇ ಒಂದು. ಪಿತೃಪಕ್ಷ ಮುಗಿಯುವವರೆಗೆ ತಾರಸಿಯ ಬಾಗಿಲು ತೆಗೆಯಿರಿ ಅಂತ. ಯಾಕೆ ಕೇಳಿದೆ ಅನ್ನುವುದನ್ನು ಮೊದಲಿನಿಂದ ಹೇಳಬೇಕು.

ನಮ್ಮ ಮೂರು ಬ್ಲಾಕುಗಳ ಹಿಂದೆ ಮೂವತ್ತು ಸೆಂಟು ಜಾಗ ಇದೆ. ಮೊದಲು ಅಲ್ಲಿ ಒಡೆದ ಸಿಮೆಂಟು, ಹಳೆಯ ಕಮೋಡು, ಜಾಲಿ ಮುಳ್ಳು ಬಿಟ್ಟರೆ ಬೇರೇನೂ ಇರಲಿಲ್ಲ. ಮೂರು ವರ್ಷದ ಹಿಂದೆ ರಂಜನಿ ಅಕ್ಕ ಹಟ ಹಿಡಿದು ಅಲ್ಲಿ ಆರುನೂರು ಸಸಿ ನೆಡಿಸಿದಳು. ಹೊಂಗೆ, ನೇರಳೆ, ಅತ್ತಿ, ಲಕ್ಕಿ, ಬಿಲ್ವ. ಅವಳಿಗೆ ಶೋಳಿಂಗನಲ್ಲೂರಿನ ಕಂಪನಿಯಲ್ಲಿ ಕೆಲಸ. ಹೋಗಿ ಬರುವುದಕ್ಕೇ ದಿನಕ್ಕೆ ಮೂರೂವರೆ ಗಂಟೆ ಬೇಕು. ಆದರೂ ಭಾನುವಾರ ಬೆಳಿಗ್ಗೆ ಆರಕ್ಕೆ ಗುದ್ದಲಿ ಹಿಡಿದು ನಿಂತಿರುತ್ತಾಳೆ.

ನೆಟ್ಟ ದಿನ ತೊಂಬತ್ತು ಜನ ಬಂದಿದ್ದರು. ಸಸಿ ಹಿಡಿದು ಫೋಟೋ, ಮಣ್ಣು ಹಾಕುತ್ತಾ ಫೋಟೋ, ಕೈ ತೊಳೆಯುತ್ತಾ ಫೋಟೋ. ಮುಂದಿನ ಭಾನುವಾರ ಹನ್ನೊಂದು ಜನ. ಈಗ ನಾವು ನಾಲ್ಕು ಜನ. ಮೂರು ಬೇಸಿಗೆ ಕೊಡದಲ್ಲಿ ನೀರು ಹೊತ್ತೆವು. ಕಳೆ ಕಿತ್ತೆವು. ಬೇಲಿಯನ್ನು ಯಾರು ಯಾರೋ ಕತ್ತರಿಸಿದರು, ಮತ್ತೆ ಕಟ್ಟಿದೆವು. ಹೋಟೆಲಿನಿಂದ ತರಕಾರಿ ಸಿಪ್ಪೆ, ತೆಂಗಿನ ನಾರು, ಕಾಫಿ ಗಸಿ ತಂದು ಬುಡಕ್ಕೆ ಹಾಕುವುದು ನನ್ನ ಕೆಲಸ.

ಮೊದಲ ವಾರವೇ ನಾನು ಒಂದು ಬಕೆಟ್ ಸಾಂಬಾರನ್ನ ತಂದಿದ್ದೆ. ರಂಜನಿ ಅಕ್ಕ ಗೇಟಿನಲ್ಲೇ ತಡೆದಳು.

"ಬೇಯಿಸಿದ್ದು ಬೇಡ ಕಣೋ. ಒಂದಗುಳೂ ಬೇಡ."

"ಹಾಳಾಗಿ ಹೋಗುದು ಅಕ್ಕ, ಇಲ್ಲಿ ಪ್ರಾಣಿಗಳಾದ್ರೂ ತಿನ್ಲಿ."

"ಯಾವ ಪ್ರಾಣಿ ತಿನ್ನತ್ತೆ ಹೇಳು? ಇಲಿ, ನಾಯಿ, ಕಾಗೆ. ಅವು ಬಂದ್ರೆ ಇಲ್ಲಿ ಬೇರೆ ಯಾವುದೂ ನಿಲ್ಲಲ್ಲ. ಕಾಡಿಗೆ ಊಟ ಹಾಕೋದು ಉದುರಿದ ಎಲೆ. ನಾವಲ್ಲ."

ಅವಳು ಹೇಳಿದ ಹಾಗೆಯೇ ಆಯಿತು. ಉದುರಿದ ಎಲೆ ಗುಡಿಸದೆ ಬಿಟ್ಟೆವು. ಅದರ ಕೆಳಗೆ ಮೊದಲು ಇರುವೆ ಬಂತು, ಹುಳ ಬಂತು. ಹುಳಕ್ಕೆ ಹಾವುರಾಣಿ ಬಂತು. ಎರಡನೇ ವರ್ಷ ಒಂದು ಮುಂಗುಸಿ ಬಂತು. ಮೂಲೆಯಲ್ಲಿ ಮಳೆನೀರು ನಿಲ್ಲಲಿ ಅಂತ ತೋಡಿದ ಹೊಂಡದ ಹತ್ತಿರ ಲಕ್ಕಿ ಪೊದೆ ಆಳೆತ್ತರ ಬೆಳೆಯಿತು. ಈ ವರ್ಷ ಆಗಸ್ಟ್ ತಿಂಗಳ ಕೊನೆಗೆ ಆ ಪೊದೆಯೊಳಗೆ ಒಂದು ಜೋಡಿ ಹುಂಡುಕೋಳಿ ಗೂಡು ಕಟ್ಟಿತು. ಬೆನ್ನು ಕಪ್ಪು, ಮುಖ ಮತ್ತು ಎದೆ ಸುಣ್ಣ ಬಳಿದ ಹಾಗೆ ಬಿಳಿ. ಐದು ಮೊಟ್ಟೆ.

ಓಡಿ ಹೋಗಿ ಮಾವನಿಗೆ ಹೇಳಿದೆ. ಅವರು ದೋಸೆ ಕಾವಲಿಯಿಂದ ಕಣ್ಣೆತ್ತಲಿಲ್ಲ.

"ಕುಂಡಕೋರಿಯಾ? ಊರಲ್ಲಿ ಗದ್ದೆ ಬದಿಯಲ್ಲಿ ಬೇಕಾದಷ್ಟು ಉಂಟು ಮಾರಾಯ. ಅದನ್ನು ನೋಡ್ಲಿಕ್ಕೆ ನೀನು ಮದ್ರಾಸಿಗೆ ಬಂದದ್ದಾ?"

ನಗಲಿ ಬಿಡಿ. ಕಮೋಡಿನ ಚೂರು ಬಿದ್ದಿದ್ದ ಜಾಗದಲ್ಲಿ ಒಂದು ಹಕ್ಕಿ ನಮ್ಮನ್ನು ನಂಬಿ ಮೊಟ್ಟೆ ಇಟ್ಟಿದೆ. ನನ್ನನ್ನು ನಂಬಿ ಯಾರೂ ಏನನ್ನೂ ಇಟ್ಟಿದ್ದಿಲ್ಲ.

ಈಗ ನನ್ನ ತಪ್ಪು ಹೇಳುತ್ತೇನೆ.

ಹೋದ ವರ್ಷ ಪಕ್ಷದ ಸಮಯ. ರಾಯರ ಹೆಂಡತಿ ಜಯಲಕ್ಷ್ಮೀ ಅಮ್ಮ ಮಡಿ ಸೀರೆ ಉಟ್ಟು, ಬಾಳೆ ಎಲೆಯ ಮೇಲೆ ಕಾಗೆಗೆ ಇಡುವ ಅನ್ನ ಹಿಡಿದು, ಕಾರುಗಳ ಮಧ್ಯೆ ನಿಂತಿದ್ದರು. ಕಾಗೆ ಮುಟ್ಟುವವರೆಗೆ ಮನೆಯಲ್ಲಿ ಯಾರೂ ಊಟ ಮಾಡುವ ಹಾಗಿಲ್ಲ. ಮೊದಲೆಲ್ಲ ತಾರಸಿಯಲ್ಲಿ ಇಡುತ್ತಿದ್ದರು. ಆದರೆ ನೀರಿನ ಟ್ಯಾಂಕಿನ ಹತ್ತಿರ ಯಾರೋ ಸಂಡಿಗೆ ಒಣಗಿಸಿ ಗಲೀಜು ಮಾಡಿದರು ಅಂತ ಸೆಕ್ರೆಟರಿ ರಾಯರೇ ತಾರಸಿಗೆ ಬೀಗ ಹಾಕಿಸಿದ್ದರು. ರೂಲ್ ಅಂದರೆ ತನ್ನ ಮನೆಗೂ ರೂಲ್ ಅಂತ ಹೆಂಡತಿಗೂ ಚಾವಿ ಕೊಟ್ಟಿರಲಿಲ್ಲ.

"ಕಾಕಾನೇ ಬರಲ್ವಲ್ಲೋ ಶ್ರೀಶಾ. ಒಂದೂವರೆ ಆಯ್ತು. ನಿಮ್ಮ ರಾಯರಿಗೆ ಶುಗರ್ ಬೇರೆ ಇದೆ."

ನನಗೆ ಪಾಪ ಅನ್ನಿಸಿತು. "ಕಾಡಿಗೆ ಬನ್ನಿ ಅಮ್ಮ, ಅಲ್ಲಿ ಕಾಗೆ ಉಂಟು" ಅಂದೆ. ಗೇಟು ತೆಗೆದು ನಾನೇ ಕರೆದುಕೊಂಡು ಹೋದೆ. ಎಲೆ ನೆಲಕ್ಕೆ ತಾಗಿತೋ ಇಲ್ಲವೋ, ಕಾಗೆ ಬಂತು. ಅಮ್ಮನ ಕಣ್ಣಲ್ಲಿ ನೀರು. "ಮಾವನವರು ಬಂದ್ರು ಕಣೋ" ಅಂದರು. ನಾನು ಉಬ್ಬಿ ಹೋದೆ. ರಂಜನಿ ಅಕ್ಕ ಹೇಳಿದ ಮಾತು ನೆನಪಾಗಲಿಲ್ಲ. ಒಂದು ಹಿಡಿ ತಾನೆ ಅಂದುಕೊಂಡೆ.

ಅಮ್ಮ ಎಲ್ಲರಿಗೂ ಹೇಳಿದರು. ಈ ವರ್ಷ ಪಕ್ಷ ಶುರುವಾದ ದಿನವೇ ಏಳು ಎಲೆ. ಮರುದಿನ ಹದಿನಾಲ್ಕು. ಭಾನುವಾರದ ಸಭೆಯ ಹೊತ್ತಿಗೆ ದಿನಕ್ಕೆ ಇಪ್ಪತ್ತಮೂರು. ಕಾಗೆಗೆ ಬೇಕಾದದ್ದು ಎರಡು ಕೊಕ್ಕಿನಷ್ಟು ಅನ್ನ. ಉಳಿದದ್ದು ನಾಯಿಗಳಿಗೆ. ಮೊದಲ ದಿನ ಎರಡು ನಾಯಿ ಬಂದವು, ನಾಲ್ಕನೇ ದಿನ ಒಂಬತ್ತು. ಬೇಲಿಯ ಕೆಳಗೆ ಮಣ್ಣು ಕೆದರಿ ದಾರಿ ಮಾಡಿಕೊಂಡವು. ಸಸಿಗಳ ಬುಡದಲ್ಲೇ ಮಲಗತೊಡಗಿದವು.

ಆ ಸಭೆಯಲ್ಲಿ ರಂಜನಿ ಅಕ್ಕ ಎದ್ದು ನಿಂತು ಮೆತ್ತಗೆ ಹೇಳಿದಳು. "ಇಡಬೇಡಿ ಅಂತ ಹೇಳ್ತಿಲ್ಲ. ನಮ್ಮ ಮನೇಲೂ ಪಕ್ಷ ಮಾಡ್ತೀವಿ. ಕಾಡಿನೊಳಗೆ ಬೇಡ ಅಷ್ಟೆ."

"ಒಂದು ಹಿಡಿ ಅನ್ನದಿಂದ ಏನಮ್ಮಾ ಆಗೋದು?" ರಾಯರು ಕೇಳಿದರು.

"ಒಂದಲ್ಲ ಸಾರ್, ಇಪ್ಪತ್ತಮೂರು."

"ನಾಯಿ ಬಂದ್ರೆ ಓಡ್ಸಿ. ಅದಕ್ಕೆ ತಾನೆ ನೀವೆಲ್ಲ ವಾಲಂಟಿಯರ್ಸು?"

ಜನ ನಕ್ಕರು.

"ಮತ್ತೆ ಕಾಕಾನೂ ಪಕ್ಷಿ ತಾನೆ? ಅದೂ ವೈಲ್ಡ್‌ಲೈಫ್ ತಾನೆ? ನಿಮ್ಮ ಕೋಳಿ ಮಾತ್ರ ಏನು ಸ್ಪೆಷಲ್ಲು?"

"ಕಾಗೆ ಇರ್ಲಿ ಸಾರ್. ಐವತ್ತು ಕಾಗೆ ಒಂದೇ ಕಡೆ ದಿನಾ ಕೂತ್ರೆ ಸುತ್ತ ಇರೋ ಗೂಡುಗಳಲ್ಲಿ ಮೊಟ್ಟೆ ಉಳಿಯಲ್ಲ. ನೆಲದ ಮೇಲೆ ನಡೆಯೋ ಮರಿಗಳನ್ನ ನಾಯಿ ಬಿಡಲ್ಲ. ಆ ಗೂಡಲ್ಲಿ ಇನ್ನು ಐದಾರು ದಿನದಲ್ಲಿ ಮರಿ ಆಗತ್ತೆ."

ಆಗಲೇ ನಾನು ಎದ್ದು ತಾರಸಿಯ ಚಾವಿ ಕೇಳಿದ್ದು. ಆಗಲೇ ಅವರು ಆ ಮಾತು ಅಂದದ್ದು. ನಕ್ಕು ಮುಗಿದ ಮೇಲೆ ರಾಯರು ಕಾಗದ ತಿರುಗಿಸಿ "ಅಡುತ್ತದು, ಮುಂದಿನದು, ಲಿಫ್ಟ್ ವಿಷಯ" ಅಂದರು. ಐದು ಮೊಟ್ಟೆಗಳ ಮಾತು ಅಲ್ಲಿಗೆ ಮುಗಿಯಿತು.

ಶ್ರಾದ್ಧ ಮಧ್ಯಾಹ್ನದ ಹೊತ್ತಿನದು. ಆ ಹೊತ್ತಿಗೆ ಹೋಟೆಲಿನಲ್ಲಿ ಊಟದ ರಶ್. ರಂಜನಿ ಅಕ್ಕ ಆಫೀಸಿನಲ್ಲಿ. ಕಾಯುವವರು ಯಾರೂ ಇಲ್ಲ. ನಾನು ಮೂರೂವರೆಗೆ ಬಿಡುವು ಸಿಕ್ಕ ಕೂಡಲೇ ಓಡಿ ಹೋಗಿ ಎಲೆಗಳನ್ನು ಆರಿಸುತ್ತಿದ್ದೆ. ಬೇಲಿಯ ಕೆಳಗಿನ ತೂತಿಗೆ ಕಲ್ಲು ತುರುಕುತ್ತಿದ್ದೆ. ಮರುದಿನ ಬೇರೆ ಕಡೆ ಹೊಸ ತೂತು. ಗೇಟಿಗೆ ಹಗ್ಗ ಕಟ್ಟಿ ಬಂದರೆ ಯಾರೋ ಬಿಚ್ಚಿ, ಹಾಗೇ ತೆರೆದು ಬಿಟ್ಟು ಹೋಗುತ್ತಿದ್ದರು. ಮುಂಗುಸಿ ಕಾಣದೆ ಮೂರು ದಿನ ಆಗಿತ್ತು.

"ಸಾಕು ಬಿಡು ಮಾರಾಯ," ಮಾವ ಅಂದರು. "ಅವರ ಜಾಗ, ಅವರ ಅನ್ನ. ನಿನಗೆ ಅಲ್ಲಿ ಎಂತ ಉಂಟು? ಇವತ್ತು ಬೈದರು, ನಾಳೆ ರೂಮು ಖಾಲಿ ಮಾಡಿ ಅಂತಾರೆ. ಎರಡು ಹಕ್ಕಿಗೋಸ್ಕರ ನಾವು ಎಲ್ಲಿಗೆ ಹೋಗುದು?"

ನಾನು ಎದ್ದು ಬೇಲಿಗೆ ಇನ್ನೆರಡು ಕಲ್ಲು ಹುಡುಕಲು ಹೊರಟೆ. ಸಿಟ್ಟು ಬಂದಿತ್ತು.

ಶನಿವಾರ ಬೆಳಿಗ್ಗೆ ಮರಿಗಳು ಹೊರಗೆ ಬಂದವು. ಐದಕ್ಕೆ ಐದೂ. ಇದ್ದಿಲಿನ ಉಂಡೆಗೆ ಎರಡು ಕಾಲು ಸಿಕ್ಕಿಸಿದ ಹಾಗೆ. ಹುಟ್ಟಿದ ಕೂಡಲೇ ನಡೆಯುತ್ತವೆ ಅವು. ತಾಯಿ ಮುಂದೆ, ಅವು ಹಿಂದೆ, ಹೊಂಡದ ಅಂಚಿನಲ್ಲಿ. ನಾನು ಹತ್ತು ನಿಮಿಷ ನೋಡಿದೆ. ಆಮೇಲೆ ಡ್ಯೂಟಿಗೆ ಹೋದೆ. ಹೋಗಬಾರದಿತ್ತು.

ಅದೇ ದಿನ ರಾಯರ ತಂದೆಯ ತಿಥಿ.

ಮಧ್ಯಾಹ್ನ ಒಂದು ಗಂಟೆ. ಹೋಟೆಲ್ ತುಂಬಿತ್ತು. ಬಾಗಿಲಲ್ಲಿ ಗದ್ದಲ ಕೇಳಿ ತಿರುಗಿ ನೋಡಿದೆ. ಜಯಲಕ್ಷ್ಮೀ ಅಮ್ಮ. ಒದ್ದೆ ಮಡಿ ಸೀರೆ, ಬರಿಗಾಲು, ಎರಡು ಬೀದಿ ಓಡಿ ಬಂದ ಏದುಸಿರು. ಆ ಸೀರೆ ಉಟ್ಟಾಗ ಸ್ವಂತ ಮಗಳನ್ನೂ ಮುಟ್ಟದವರು, ಊಟಕ್ಕೆ ಕಾದು ನಿಂತ ಜನರ ಮಧ್ಯೆ ನುಗ್ಗಿ ಒಳಗೆ ಬಂದರು. ಎರಡೂ ಕೈ ಬೊಗಸೆ ಮಾಡಿ ಎದೆಗೆ ಒತ್ತಿಕೊಂಡಿದ್ದರು. ಬೊಗಸೆಯಲ್ಲಿ ಒಂದು ಮರಿ.

"ಶ್ರೀಶಾ... ನಾನು ಎಲೆ ಇಟ್ಟೆ ಕಣೋ. ಇಟ್ಟ ಕೂಡಲೇ ನಾಯಿಗಳು ಬಂದ್ವು. ಆ ತಾಯಿ ಅವುಗಳ ಮುಂದೇನೇ ರೆಕ್ಕೆ ಬಡ್ಕೊಂಡು ಓಡ್ತು. ಒಂದು ನಾಯಿ ಅದರ ಹಿಂದೆ ಹೋಯ್ತು. ಉಳಿದ ನಾಯಿಗಳು... ನಾನು ಕೂಗಿದೆ, ಕಲ್ಲು ಎಸೆದೆ. ಇದೊಂದನ್ನ ಬಾಯಿಂದ ಬಿಡಿಸಿದೆ. ನೋಡೋ, ಉಸಿರಾಡ್ತಾ ಇದೆಯಾ ನೋಡೋ."

ಉಸಿರಾಡುತ್ತಿತ್ತು. ಮಾವ ಕಾವಲಿಯ ಬೆಂಕಿ ಆರಿಸಿ ಬಂದರು. ಗಿರಾಕಿಗಳು ಕೂಗಿದರೂ ತಿರುಗಲಿಲ್ಲ. ಬಟ್ಟೆ ಬೆಚ್ಚಗೆ ಮಾಡಿ ತಂದರು. ಆ ಬಟ್ಟೆ ಮುಟ್ಟಿಸುವುದರೊಳಗೆ ಮರಿಯ ಕುತ್ತಿಗೆ ಅಮ್ಮನ ಹೆಬ್ಬೆರಳಿನ ಮೇಲೆ ವಾಲಿತು. ಅಷ್ಟೆ.

ಅಮ್ಮ ಮರಿಯನ್ನು ಹಿಡಿದುಕೊಂಡೇ ಮನೆಯ ಕಡೆ ನಡೆದರು. ನಾನೂ ಮಾವನೂ ಹಿಂದೆ ಹೋದೆವು. ರಾಯರು ಪಂಚೆ ಉಟ್ಟು ಮನೆ ಬಾಗಿಲಲ್ಲಿ ನಿಂತಿದ್ದರು.

"ಎಲ್ಲಿ ಹೋಗಿದ್ದೆ? ಕಾಕಾ ಬಂತಾ? ಇದೇನು ಕೈಯಲ್ಲಿ, ರಕ್ತ? ಮಡಿಯಲ್ಲಿ ಇದನ್ನೆಲ್ಲ ಮುಟ್ಟಿದ್ಯಾ?"

"ಮುಟ್ಟಿದೆ. ತಾರಸಿ ಚಾವಿ ಕೊಡಿ."

"ಈಗ ಯಾಕೆ ಅದು..."

"ನಿಮ್ಮ ಅಪ್ಪನ ಹೆಸರಲ್ಲಿ ನಾನಿಟ್ಟ ಅನ್ನ ಐದು ಕೂಸುಗಳನ್ನ ಕೊಂದಿದೆ ರೀ. ಆ ಅನ್ನ ಅವರಿಗೆ ಸೇರತ್ತಾ? ನೀವೇ ಹೇಳಿ. ಸೇರತ್ತಾ?"

ಅಕ್ಕಪಕ್ಕದ ಬಾಗಿಲುಗಳು ತೆರೆದುಕೊಂಡವು. ರಾಯರು ಒಳಗೆ ಹೋಗಿ ಚಾವಿ ತಂದುಕೊಟ್ಟರು. ಅಮ್ಮ ಮತ್ತೆ ಸ್ನಾನ ಮಾಡಿ, ಮತ್ತೆ ಅನ್ನ ಮಾಡಿ, ತಾರಸಿಯ ಗೋಡೆಯ ಮೇಲೆ ಇಟ್ಟರು. ಎರಡು ನಿಮಿಷದಲ್ಲಿ ಕಾಗೆ ಬಂತು. ಎರಡೇ ನಿಮಿಷ.

ಅವತ್ತಿನಿಂದ ಅಮಾವಾಸ್ಯೆವರೆಗೆ ಎಲ್ಲರೂ ತಾರಸಿಗೇ ಹೋದರು. ಜಯಲಕ್ಷ್ಮೀ ಅಮ್ಮ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಮೇಲೆ ಕಳಿಸಿದರು. ಉಳಿದ ಅನ್ನವನ್ನು ಕವರಿಗೆ ಹಾಕಿಸಿದರು. ಮಾವ ಭಾನುವಾರ ಬಂದು ಬೇಲಿ ಕಟ್ಟಿದರು. ನಾಯಿಗಳು ಮೆಲ್ಲಗೆ ಕಡಿಮೆಯಾದವು. ನಾಯಿಗಳ ಮೇಲೆ ನನಗೆ ಸಿಟ್ಟಿಲ್ಲ. ಅವನ್ನು ಕರೆದವರು ನಾವು. ಮೊದಲು ಗೇಟು ತೆಗೆದವನು ನಾನು.

ಆದರೆ ಹುಂಡುಕೋಳಿಗಳು ಮೂರು ದಿನ ಹೊಂಡದ ಸುತ್ತ ಕೂಗಿದವು. ಬೆಳಕು ಹರಿಯುವಾಗ ಒಮ್ಮೆ, ಸಂಜೆ ಒಮ್ಮೆ. ನಾಲ್ಕನೇ ದಿನ ಕೂಗಲಿಲ್ಲ. ಮುಂಗುಸಿಯೂ ಮತ್ತೆ ಬರಲಿಲ್ಲ. ಎಂಬತ್ತು ಸಸಿಗಳ ಬುಡ ಕಿತ್ತು ಬಂದಿದೆ. ಮೂರು ವರ್ಷದ ಕೆಲಸ, ಹತ್ತು ದಿನಕ್ಕೆ ಹೀಗಾಯಿತು.

"ಮತ್ತೆ ಬರ್ತಾವಾ ಅಕ್ಕ?" ಅಂತ ಕೇಳಿದೆ.

ರಂಜನಿ ಅಕ್ಕ ಲಕ್ಕಿ ಪೊದೆಯ ಕಡೆ ನೋಡಿದಳು. "ಗೊತ್ತಿಲ್ಲ ಕಣೋ. ಆ ಪೊದೆ ಇದ್ರೆ ಮುಂದಿನ ಮಳೆಗೆ ಬಂದ್ರೂ ಬರಬಹುದು. ಪೊದೆ ಇಲ್ಲದಿದ್ರೆ ಖಂಡಿತಾ ಬರಲ್ಲ."

ಇದನ್ನು ಓದುತ್ತಿರುವವರೇ, ನಿಮ್ಮ ಊರಿನ ಸಂಘದಲ್ಲಿ ಕೂತು ಇದನ್ನು ಕೇಳುತ್ತಿರುವವರೇ, ನನಗೆ ಚೆಂದ ಮಾಡಿ ಹೇಳಲು ಬರುವುದಿಲ್ಲ. ನೇರ ಹೇಳುತ್ತೇನೆ. ನಿಮ್ಮ ಬೀದಿಯ ಹಿಂದೆ, ಕೆರೆಯ ಪಕ್ಕ, ಶಾಲೆಯ ಮೂಲೆಯಲ್ಲಿ ಯಾರೋ ನಾಲ್ಕು ಜನ ಇಂಥದೊಂದು ಎಳೆಯ ಕಾಡು ಬೆಳೆಸುತ್ತಿರುತ್ತಾರೆ. ಅಲ್ಲಿ ಅನ್ನ ಇಡಬೇಡಿ. ಪಿತೃಗಳಿಗೆ ಇಡಿ, ಕಾಗೆಗೆ ಇಡಿ, ನಿಮ್ಮ ತಾರಸಿಯಲ್ಲಿ, ನಿಮ್ಮ ಗೋಡೆಯ ಮೇಲೆ ಇಡಿ. ಕಾಗೆಗೆ ವಿಳಾಸ ಗೊತ್ತು, ಬರುತ್ತದೆ. ಉಳಿದದ್ದನ್ನು ಎತ್ತಿ. ತಾರಸಿಗೆ ಬೀಗ ಹಾಕಿದ ಸೆಕ್ರೆಟರಿಗಳೇ, ತೆಗೆಯಿರಿ. ಬಿಸ್ಕತ್ತು, ಬ್ರೆಡ್ಡು, ಹಳಸಿದ ಚಪಾತಿ, ಪುಣ್ಯದ ಹೆಸರಿನಲ್ಲಿ ಯಾವುದೂ ಅಲ್ಲಿಗೆ ಬೇಡ. ಗೇಟು ತೆಗೆದರೆ ಮುಚ್ಚಿ. ಒಣ ಎಲೆ ಕಸ ಅಲ್ಲ, ಗುಡಿಸಬೇಡಿ, ಸುಡಬೇಡಿ. ಪೊದೆ ಕಂಡರೆ ಕತ್ತಿ ಹಿಡಿಯಬೇಡಿ, ಒಳಗೆ ಯಾರಿದ್ದಾರೆ ಅಂತ ಅಲ್ಲಿ ಕೆಲಸ ಮಾಡುವವರನ್ನು ಕೇಳಿ. ನೆಡುವ ದಿನ ಬರದಿದ್ದರೂ ಪರವಾಗಿಲ್ಲ. ಅದರ ಮುಂದಿನ ಭಾನುವಾರ ಬನ್ನಿ, ಮೂರನೇ ಬೇಸಿಗೆಗೆ ಬನ್ನಿ. ಒಂದು ಗಂಟೆ ಸಾಕು. ಒಂದು ಕೊಡ ನೀರು ಸಾಕು. ನೀವು ಬರದಿದ್ದರೆ ಅದು ಸಾಯುತ್ತದೆ. ಬೇರೆ ಯಾರೂ ಬರುವುದಿಲ್ಲ, ನಾನು ಮೂರು ವರ್ಷ ಕಾದು ನೋಡಿದ್ದೇನೆ.

ಪಕ್ಷ ಮುಗಿದ ಮೇಲಿನ ಭಾನುವಾರ ನಾನು ಹೊಂಡದ ಹತ್ತಿರ ಕಿತ್ತು ಬಿದ್ದ ಸಸಿಗಳಿಗೆ ಮಣ್ಣು ಕೊಡುತ್ತಿದ್ದೆ. ಸುಜಯೀಂದ್ರ ರಾಯರು ಒಬ್ಬರೇ ಬಂದರು. ನೆಟ್ಟ ದಿನ ಬಿಟ್ಟರೆ ಮೂರು ವರ್ಷದಲ್ಲಿ ಅವರು ಆ ಗೇಟಿನೊಳಗೆ ಕಾಲಿಟ್ಟದ್ದು ಇದೇ ಮೊದಲು. ನನ್ನ ಪಕ್ಕಕ್ಕೆ ಬಂದು ನಿಂತರು.

"ನೋಡಪ್ಪಾ, ಆಗಿದ್ದು ಆಗಿ ಹೋಯ್ತು. ನನಗೂ ಮನಸ್ಸಿಗೆ ಕಷ್ಟ ಆಗಿದೆ. ಅವಳು ನನ್ನ ಹತ್ರ ಸರಿಯಾಗಿ ಮಾತೇ ಆಡ್ತಿಲ್ಲ. ಅದಕ್ಕೆ ಒಂದು ಯೋಚನೆ ಮಾಡಿದೀನಿ. ದೀಪಾವಳಿ ಕಳೀಲಿ. ದೊಡ್ಡದಾಗಿ ಮಾಡೋಣ. ಇನ್ನೂರು ಸಸಿ, ಶಾಮಿಯಾನ, ಎಲ್ರಿಗೂ ಟಿಫನ್ನು. ಮೊದಲನೇ ಸಸಿ ನೀನೇ ನೆಡು."

ನಾನು ಸುತ್ತ ನೋಡಿದೆ. ಇನ್ನೂರು ಸಸಿಗೆ ಅಲ್ಲಿ ಜಾಗ ಎಲ್ಲಿದೆ?

ಅವರು ಅದನ್ನೂ ಯೋಚಿಸಿ ಬಂದಿದ್ದರು. ಲಕ್ಕಿ ಪೊದೆಯ ಕಡೆ ಕೈ ತೋರಿಸಿದರು.

"ಅದನ್ನೆಲ್ಲ ಚೊಕ್ಕಟವಾಗಿ ತೆಗೆಸಿಬಿಟ್ರೆ ಬೇಕಾದಷ್ಟು ಜಾಗ ಆಗತ್ತೆ. ಹೇಗೂ ಆ ಕೋಳಿಗಳು ಹೋದ್ವಲ್ಲ. ಏನಂತೀಯಾ?"

ಅವರ ಮುಖದಲ್ಲಿ ಕೆಟ್ಟತನ ಇರಲಿಲ್ಲ. ನಿಜವಾಗಿ ಒಳ್ಳೆಯದು ಮಾಡುತ್ತಿದ್ದೇನೆ ಅಂತಲೇ ನಂಬಿ ನಿಂತಿದ್ದರು.

"ಏಯ್, ನಿನ್ನನ್ನೇ ಕೇಳ್ತಿರೋದು. ಏನಂತೀಯಾ?"

ಆ ಪೊದೆ ಹೋದರೆ ಹಕ್ಕಿ ಬರುವುದಿಲ್ಲ ಅಂತ ಇವರಿಗೆ ಹೇಳಿ ಇನ್ನೊಮ್ಮೆ ನಗಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಕೈಯ ಮಣ್ಣು ಲುಂಗಿಗೆ ಒರೆಸಿಕೊಂಡೆ. ಗೇಟು ದಾಟಿದೆ, ಮುಚ್ಚಿದೆ, ಹೋಟೆಲಿನ ಕಡೆ ನಡೆದೆ.